ಕಂಡಕ್ಟರ್ ಪುಷ್ಪರಾಜನ ನಡಿಗೆ

ಕಂಡಕ್ಟರ್ ಪುಷ್ಪರಾಜ್ ಒಣಜಂಬದ ಮನುಷ್ಯ. ತನ್ನ ಮರ್ಯಾದೆಯ ಮುಂದೆ ಅವನಿಗೆ ಹೆಂಡತಿ, ಮಗಳು ಯಾರೂ ಲೆಕ್ಕಕ್ಕಿಲ್ಲ. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಬರುವ ಆ ಖಾಸಗಿ ಬಸ್ಸಿನಲ್ಲಿ ಅವನಿಂದ ಬೈಸಿಕೊಳ್ಳದ ಪ್ರಯಾಣಿಕರು ಕಡಿಮೆ.

ತೀರ್ಥಹಳ್ಳಿಯ ನನ್ನ ಕ್ಲಿನಿಕ್ಕಿಗೆ ಅವನು ಬಂದದ್ದೂ ಚಿಕಿತ್ಸೆಗಲ್ಲ, ಸರ್ಟಿಫಿಕೇಟಿಗೆ. ಕುಡಿದು ಡ್ಯೂಟಿಗೆ ಬರುತ್ತಾನೆಂದು ಬಸ್ಸಿನ ಮಾಲೀಕರಿಗೆ ಯಾರೋ ದೂರಿದ್ದರು.

"ಕತ್ತಲಾದ್ಮೇಲೆ ಊಟಾನೇ ಮಾಡದ ಜೈನರ ಮನೆ ನಮ್ದು. ನಾನು ಕುಡೀತೀನಂತೆ! ಕುಡಿಯಲ್ಲ ಅಂತ ಬರ್ಕೊಡಿ ಡಾಕ್ಟ್ರಮ್ಮ."

"ಬಸ್ಸಲ್ಲಿ ಹುಲಿ. ನೆಲಕ್ಕಿಳಿದ್ರೆ ತೂರಾಡ್ತಾರೆ," ಎಂದಳು ಜೊತೆಗೆ ಬಂದಿದ್ದ ಹೆಂಡತಿ ಜಿನಶ್ರೀ.

"ನೀ ಸುಮ್ನಿರೆ."

ಓಡುವ ಬಸ್ಸಿನಲ್ಲಿ ಎಲ್ಲರೂ ಓಲಾಡುತ್ತಾರೆ. ಕಂಬಿ ಹಿಡಿದು ನಡೆಯುವವನ ಕಾಲನ್ನು ಯಾರೂ ಗಮನಿಸುವುದಿಲ್ಲ. ನಾನು ಅವನನ್ನು ವರಾಂಡದಲ್ಲಿ ಬರಿಗಾಲಲ್ಲಿ ನಡೆಸಿದೆ. ಕಾಲುಗಳನ್ನು ಅಗಲಿಸಿ ಇಡುತ್ತಿದ್ದ. ತಿರುಗುವಾಗ ಕೈ ಗೋಡೆಗೆ ಹೋಯಿತು. ಒಂದು ಕಾಲಿನ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ಗೆರೆಯ ಮೇಲೆ ನಡೆಯೆಂದೆ, ಆಗಲಿಲ್ಲ. ಮೂಗು ಮುಟ್ಟಿಕೊಳ್ಳೆಂದರೆ ಬೆರಳು ಗುರಿ ತಪ್ಪಿತು.

"ನಿಮ್ಮಪ್ಪ ಹೇಗೆ ನಡೀತಿದ್ರು?"

"ಮಾವನೂ ಹಿಂಗೇ. ಕೊನೆಗೆ ಹಾಸಿಗೆ ಹಿಡಿದ್ರು," ಎಂದಳು ಜಿನಶ್ರೀ.

ಶಿವಮೊಗ್ಗದ ಸ್ಕ್ಯಾನಿಂಗ್, ರಕ್ತಪರೀಕ್ಷೆ ನನ್ನ ಊಹೆಯನ್ನೇ ಹೇಳಿದವು. ಮೈಯ ಸಮತೋಲ ಕಾಯುವ ಕಿರುಮಿದುಳು ಕುಗ್ಗುತ್ತಿತ್ತು. ವಂಶದಲ್ಲಿ ಬರುವ ಕಾಯಿಲೆ. ವ್ಯಾಯಾಮ ಕಲಿಸಬಹುದು, ಕೋಲು ಕೊಡಬಹುದು, ಗುಣಪಡಿಸಲಾಗದು. ಅದನ್ನೇ ಹೇಳಿದೆ. ಇದು ಕುಡಿತವಲ್ಲ, ಕಾಯಿಲೆ ಎಂದು ಬರೆದೂ ಕೊಟ್ಟೆ.

"ತ್ರಿಶಲಾಗೂ ಬರುತ್ತಾ?" ಅವನ ಸ್ವರ ಇಳಿದಿತ್ತು. ಮಗಳಿಗೆ ಹೊಸನಗರದ ಸಂಬಂಧ ನಿಶ್ಚಯವಾಗುವುದರಲ್ಲಿತ್ತು.

"ಬರಬಹುದು, ಬರದೇನೂ ಇರಬಹುದು. ಅವಳಿಗೆ ಹೇಳಿ. ಪರೀಕ್ಷೆ ಮಾಡಿಸೋದು ಬಿಡೋದು ಅವಳಿಷ್ಟ."

"ರಕ್ತದಲ್ಲೇ ಇದೆ ಅಂತ ಗೊತ್ತಾದ್ರೆ ಯಾರು ಮಾಡ್ಕೋತಾರಮ್ಮ?" ಎಂದಳು ಜಿನಶ್ರೀ.

ಕೆಲವು ದಿನಗಳ ಮೇಲೆ ಅವನದೇ ಬಸ್ಸಿನಲ್ಲಿ ಸಾಗರಕ್ಕೆ ಹೊರಟಿದ್ದೆ. ನಾನು ಕೊಟ್ಟ ಸರ್ಟಿಫಿಕೇಟನ್ನು ಅವನು ಮಾಲೀಕರಿಗೆ ತೋರಿಸಿಯೇ ಇರಲಿಲ್ಲ. ಕುಡಿತದ ದೂರಿನ ಮೇಲೆ ತಿಂಗಳ ಕೊನೆಗೆ ಅವನ ಕೆಲಸ ಹೋಗುತ್ತದೆಂದು ಡ್ರೈವರ್ ಶ್ಯಾಮ ಹೇಳಿದ.

ಹೊಸನಗರದಲ್ಲಿ ಬಸ್ಸಿನಿಂದ ಇಳಿದವನೇ ಪುಷ್ಪರಾಜ್ ಒಂದು ಪಕ್ಕಕ್ಕೆ ವಾಲಿದ. ಎದುರಿಗೆ ತ್ರಿಶಲಾಗೆ ನೋಡಿದ್ದ ಹುಡುಗನ ತಂದೆ ಮಹಾವೀರಯ್ಯ ನಿಂತಿದ್ದರು.

"ಎಂತ ಆಯ್ತು ಮಾರಾಯ್ರೆ ಕಾಲಿಗೆ? ನಿಮ್ಮಪ್ಪನಿಗೂ ಹಿಂಗೇ ಇತ್ತಂತಲ್ಲ?"

ಪುಷ್ಪರಾಜ್ ಕಿಟಕಿಯಲ್ಲಿದ್ದ ನನ್ನನ್ನು ಒಮ್ಮೆ ನೋಡಿದ. ಆಮೇಲೆ ನಿಲ್ದಾಣಕ್ಕೆಲ್ಲ ಕೇಳುವಂತೆ ನಕ್ಕ.

"ಕಾಲಿಗೆಂತದೂ ಇಲ್ಲ. ಬೆಳಿಗ್ಗೇನೇ ಸ್ವಲ್ಪ ಹಾಕಿದೀನಿ."

ಮಹಾವೀರಯ್ಯ ಮುಖ ಸಿಂಡರಿಸಿ ಹಿಂದೆ ಸರಿದರು. ಪುಷ್ಪರಾಜ್ ಮತ್ತೊಮ್ಮೆ ಓಲಾಡಿದ. ಈ ಸಲ ಬೇಕೆಂದೇ.