ಸೋಸದೆ ಉಳಿದ ಬಾಟಲಿ

ದೇಹದಲ್ಲಿ ಟೆಸ್ಟೋಸ್ಟೆರೋನ್ ಕುಗ್ಗಿದಾಗ, ಆ ಹಾರ್ಮೋನನ್ನು ಹಿಡಿದು ಜೀವಕೋಶಕ್ಕೆ ಸುದ್ದಿ ಮುಟ್ಟಿಸುವ ಆಂಡ್ರೊಜೆನ್ ಗ್ರಾಹಕಗಳು ಏನು ಮಾಡುತ್ತವೆ ಎಂಬುದನ್ನು ಮೂವತ್ತನಾಲ್ಕು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡಿದವರು, ಈಗ ನಿವೃತ್ತರಾಗುತ್ತಿರುವ ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ. ಎಲ್ಲರ ಬಾಯಲ್ಲೂ ಅವರು ದೊಡ್ಡಕ್ಕ. ಈ ವಿಷಯದಲ್ಲಿ ಅವರ ಮಾತೆಂದರೆ ಮಾತು.

ಈ ಸಾಲುಗಳ ಲೇಖಕ ಅವರ ಕೈಕೆಳಗೆ ಸೇರಿದಾಗ ಅವನಿಗೆ ದ್ರವ ಅಳೆದು ಹಾಕುವ ಪೈಪೆಟ್ ಹಿಡಿಯಲೂ ಬರುತ್ತಿರಲಿಲ್ಲ. ಮಧ್ಯಾಹ್ನ, ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಮಂದವಾಗಿ ಗುಂಯ್‌ಗುಡುತ್ತಿರಲು, ದೊಡ್ಡಕ್ಕ ಅವನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸುತ್ತಿದ್ದರು. ಗ್ರಾಹಕಗಳು ಹಸಿರಾಗಿ ಮಿನುಗುತ್ತಿದ್ದವು. ಹಾರ್ಮೋನು ಸಿಕ್ಕವು ಮೆಲ್ಲಗೆ ಕೋಶಕೇಂದ್ರಕ್ಕೆ ಸರಿಯುತ್ತಿದ್ದವು, ಸಿಗದವು ಹೊರಗೇ ತೇಲಿಕೊಂಡಿರುತ್ತಿದ್ದವು. ಆ ಹಸಿರಿನಲ್ಲಿ ಅವನು ಮೈಮರೆಯುತ್ತಿದ್ದ. ಊಟದ ನೆನಪನ್ನೂ ಅವರೇ ಮಾಡಬೇಕಿತ್ತು.

ಕೋಶಗಳಿಗೆ ಉಣಿಸುವ ಸೀರಮ್ಮಿನಲ್ಲೂ ಹಾರ್ಮೋನು ಇರುವುದರಿಂದ, ಹಾರ್ಮೋನಿಲ್ಲದ ಪ್ರಯೋಗಕ್ಕೆ ಅದನ್ನು ಇದ್ದಿಲ ಪುಡಿಯೊಡನೆ ಕಲಕಿ ಸೋಸಿ ಬಳಸಬೇಕು. ಪ್ರಾಸ್ಟೇಟ್ ಕ್ಯಾನ್ಸರಿನ ಕೋಶಗಳ ಮೇಲಿನ ದೊಡ್ಡ ಪ್ರಯೋಗದ ವೇಳೆ, ‘ಸೋಸಿದ್ದು’ ಎಂಬ ಚೀಟಿಗಳನ್ನು ಮೊದಲೇ ಅಂಟಿಸಿಟ್ಟ ಈ ಮಹಾನುಭಾವ ಕೊನೆಯ ಬಾಟಲಿಯನ್ನು ಸೋಸಲು ಮರೆತ. ಹಾರ್ಮೋನೇ ಇಲ್ಲದೆ ಗ್ರಾಹಕಗಳು ಕೆಲಸ ಮಾಡುತ್ತವೆಂದು ಪ್ರಬಂಧ ಅಚ್ಚಾಯಿತು. ದೊಡ್ಡಕ್ಕನ ಬಡ್ತಿ ಅದನ್ನೇ ನೆಚ್ಚಿಕೊಂಡಿತ್ತು. ಆರು ತಿಂಗಳ ಮೇಲೆ, ಆ ಬಾಟಲಿಯಲ್ಲಿ ಉಳಿದದ್ದನ್ನು ಅಳೆದಾಗ ಹಾರ್ಮೋನಿನ ಸುಳಿವು ಸಿಕ್ಕಿತು. ಅಳುಕುತ್ತಲೇ ಹೋಗಿ ಹೇಳಿದ.

ಅವರು ಗದರಲಿಲ್ಲ. ಅಳತೆಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿ, “ಇದ್ದದ್ದು ಅಷ್ಟೇ ಅಷ್ಟು. ಅದನ್ನೂ ಬಿಡದೆ ಹಿಡ್ಕೊಂಡಿವೆ ಅಂದ್ರೆ, ಗ್ರಾಹಕಗಳು ಎಷ್ಟಾಗಿವೆ ಅಂತ ಎಣಿಸಿದ್ವಾ ನಾವು?” ಎಂದರು.

ಮರುದಿನವೇ ಪ್ರಬಂಧವನ್ನು ಹಿಂಪಡೆದು, ತಪ್ಪು ತಮ್ಮದೆಂದು ಬರೆದುಕೊಟ್ಟರು. ಬಡ್ತಿ ನಾಲ್ಕು ವರ್ಷ ಮುಂದಕ್ಕೆ ಹೋಯಿತು. ಮತ್ತೆ ಎಣಿಸಿದಾಗ ಕಂಡದ್ದು ಇದು: ಹಾರ್ಮೋನು ಕಡಿಮೆಯಾದಂತೆ ಆ ಕೋಶಗಳಲ್ಲಿ ಗ್ರಾಹಕಗಳೇ ಹೆಚ್ಚುತ್ತವೆ, ಅತ್ಯಲ್ಪಕ್ಕೂ ಓಗೊಡುತ್ತವೆ. ದೇಹದ ಎಲ್ಲ ಅಂಗಗಳಿಗೂ ಇದು ಹೊಂದದೆಂದು ಅವರೇ ಎಚ್ಚರಿಸಿದರು.

ಆದರೂ ‘ದೊಡ್ಡಕ್ಕನ ಅವಸರ’ ಎಂಬ ಕುಹಕ ಪ್ರಯೋಗಾಲಯದಲ್ಲೆಲ್ಲ ಉಳಿಯಿತು. ಕೇಳಿಸಿಕೊಂಡೂ ಅವನು ಬಾಯಿ ಬಿಡಲಿಲ್ಲ. ಆ ನಾಚಿಕೆ ಇಂದಿಗೂ ಅವನನ್ನು ಕೊರೆಯುತ್ತಿದೆ. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಸಂಪುಟದ ಸುದ್ದಿ ತಿಳಿದು ಅವರು ಫೋನು ಮಾಡಿ, “ಆ ಬಾಟಲಿ ವಿಷಯ ಬರೀಬೇಡಪ್ಪ, ನಿನಗಿನ್ನೂ ಸರ್ವೀಸಿದೆ” ಎಂದರು.

ದೊಡ್ಡಕ್ಕ ಆಯುರಾರೋಗ್ಯದಿಂದ ಬಾಳಲಿ, ಮನಸ್ಸಿರುವಷ್ಟು ಕಾಲ ತಮ್ಮ ಕೋಶಗಳೊಡನೆ ಕೆಲಸ ಮಾಡಲಿ. ಅವರ ಮಾತನ್ನು ಈ ಲೇಖಕ ಮೀರಿದ್ದು ಇದೊಂದೇ ಸಲ: ಹತ್ತೊಂಬತ್ತು ವರ್ಷ ಅವರ ಹೆಸರಿನಲ್ಲಿದ್ದ ಆ ತಪ್ಪು ಅವನದು.