ದೇವಕ್ಕನ ತುಂಡು ಬೀಸಣಿಗೆ

ಸಿದ್ದಾಪುರ ಪೇಟೆಯಲ್ಲಿ ರವಿಕೆ ಹೊಲಿಯುವವರಿಗೇನೂ ಬರವಿರಲಿಲ್ಲ. ಆದರೂ ಹೆಂಗಸರು ನೆರೆಯುತ್ತಿದ್ದದ್ದು ಬಿಳಗಿಯಿಂದ ದಿನಾ ಬಸ್ಸಿನಲ್ಲಿ ಬಂದು ಅಂಗಡಿ ತೆರೆಯುವ ದೇವಕ್ಕನ ಬಳಿಯೇ. ಉಳಿದ ಬಟ್ಟೆಯನ್ನು ಆಕೆ ಮಡಿಸಿ ಕೈಗೇ ಕೊಡುತ್ತಿದ್ದಳು. “ನನ್ನಂಗಡೀಲಿ ಒಂದು ಎಳೆನೂ ಉಳಿಯದಿಲ್ಲ” ಎನ್ನುವುದರಲ್ಲಿ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಜಂಬಪಡುವಂಥ ಮಾತೇ ಅದು.

೧೯೯೫ರ ಬೇಸಿಗೆಯಲ್ಲಿ ನಿಲ್ಕುಂದದ ಕಾಲೇಜು ಹುಡುಗಿ ಪರಿಮಳಾ, ಮುಂಬಯಿಯ ಅತ್ತೆ ಕೊಟ್ಟ ಮಡಿಸುವ ಬೀಸಣಿಗೆ ತಂದಳು. ಕಾಗದ ಹರಿದು ಕಡ್ಡಿ ಮಾತ್ರ ಉಳಿದಿತ್ತು.

“ಇದಕ್ಕೆ ಯನ್ನ ರವಿಕೆ ಬಟ್ಟೆನೇ ಹಾಕ್ಲಕ್ಕಾ, ದೇವಕ್ಕಾ?”

ದೇವಕ್ಕ ಬಟ್ಟೆಗೆ ಗಂಜಿ ಹಾಕಿ, ಸೀರೆಗೆ ಹಿಡಿದಂತೆ ನೆರಿಗೆ ಹಿಡಿದು, ಇಸ್ತ್ರಿ ಮಾಡಿ ಅಂಟಿಸಿದಳು. ಅದು ಒಂದು ಮದುವೆಗೆ ಹೋಗಿ ಬಂದದ್ದೇ ತಡ, ರವಿಕೆ ಬಟ್ಟೆಯ ಜೊತೆ ಕಾಲು ಮೀಟರು ಹೆಚ್ಚಿಗೆ ಬರತೊಡಗಿತು. ಶಿರಸಿ ಬಸ್ಸಿನಲ್ಲಿ, ಯಲ್ಲಾಪುರದ ಮದುವೆಮನೆಗಳಲ್ಲಿ ರವಿಕೆಗೊಪ್ಪುವ ಬೀಸಣಿಗೆಗಳು ಬಿಚ್ಚಿಕೊಂಡವು. ಸೆಖೆ ಇಲ್ಲದಿದ್ದರೂ ಬೀಸಿಕೊಳ್ಳುವವರಿದ್ದರು.

ದೇವಕ್ಕನಿಗೂ ಆಸೆಯಾಯಿತು. ವಾಪಸು ಕೊಡಲಾಗದಂಥ ಎರಡು ಬೆರಳಗಲದ ಚೂರುಗಳನ್ನು ಕೂಡಿಸಿ, ಒಂದೊಂದು ನೆರಿಗೆಗೆ ಒಂದೊಂದು ಬಣ್ಣದಂತೆ ತನಗೊಂದು ಮಾಡಿಕೊಂಡಳು. ಯಾರೆದುರೂ ಬಿಚ್ಚಲಿಲ್ಲ. ನೋಡಿದವರು ಬಟ್ಟೆ ಕದ್ದಳೆಂದರೆ ಗಳಿಸಿದ ಹೆಸರು ಮಣ್ಣುಪಾಲು ಎಂಬ ಹೆದರಿಕೆ.

೧೯೯೯ರ ಮೇ ತಿಂಗಳಲ್ಲಿ ಪರಿಮಳಾಳ ಮದುವೆ. ಧಾರೆಸೀರೆಯ ರೇಷ್ಮೆಯದೇ ಬೀಸಣಿಗೆ ಬೇಕೆಂದಳು. ಅಂಗಡಿಯ ಅಂಟು ರೇಷ್ಮೆಗೆ ನಿಲ್ಲಲಿಲ್ಲ. ದೇವಕ್ಕ ಮನೆಯ ಹಲಸಿನ ಮೇಣ ಕಾಸಿ ಹಚ್ಚಿದಳು. ಸೋರುವ ಕೊಡಕ್ಕೇ ಆಗುವ ಮೇಣ, ಬೀಸಣಿಗೆಗೆ ಆಗದೇ?

ಕಲ್ಯಾಣಮಂಟಪದ ಸೆಖೆಗೆ ಮೇಣ ಕರಗಿತು. ಫೋಟೋದ ದಿನಕರ “ಬೀಸಣಿಗೆ ಬಿಚ್ಚಿ ಹಿಡೀರಿ” ಎಂದರೆ ಅದು ಬಿಚ್ಚಲೂ ಇಲ್ಲ, ಮದುಮಗಳ ಅಂಗೈ ಬಿಡಲೂ ಇಲ್ಲ. ದೇವಕ್ಕ ಅಡುಗೆಮನೆಯಿಂದ ತೆಂಗಿನೆಣ್ಣೆ ತಂದು ಉಜ್ಜಿ ಬಿಡಿಸಿದಳು. ರೇಷ್ಮೆಯ ತುಂಬ ಎಣ್ಣೆ ಕಲೆ. ಪರಿಮಳಾಳ ಕಣ್ಣು ತುಂಬಿಕೊಂಡಿತು.

ದೇವಕ್ಕನ ಚೀಲದಲ್ಲಿ ಯಾರಿಗೂ ತೋರಿಸದ ಆ ಚೂರುಗಳ ಬೀಸಣಿಗೆಯಿತ್ತು. ಎದುರಿಗೆ ಹತ್ತು ವರ್ಷದ ಗಿರಾಕಿಗಳು ಸಾಲಾಗಿ ಕೂತಿದ್ದರು. ಚೀಲದ ಬಾಯಿ ಹಿಡಿದುಕೊಂಡೇ ಒಮ್ಮೆ ಅತ್ತ ನೋಡಿದಳು. ಆಮೇಲೆ ತೆಗೆದು ಕೊಟ್ಟೇಬಿಟ್ಟಳು.

ಪರಿಮಳಾ ಬಿಚ್ಚಿದಳು. ಬಣ್ಣಗಳೆಲ್ಲ ಹರಡಿಕೊಂಡವು. ಮುಂದಿನ ಸಾಲಿನವರು ಕತ್ತು ಚಾಚಿದರು.

“ಆ ಹಸಿರು ಯನ್ನ ರವಿಕೆದು” ಎಂದಳು ಹಳೇ ಗಿರಾಕಿ ಶ್ರೀಲಕ್ಷ್ಮಿ.

“ಚೂರು ಅಷ್ಟೇ ಅಮ್ಮಾ, ಎರಡು ಬೆರಳು” ಎಂದಳು ದೇವಕ್ಕ.

ಶ್ರೀಲಕ್ಷ್ಮಿ ಹತ್ತಿರ ಬಂದು ನೋಡಿದಳು. “ಆನು ಮಗಳ ತೊಟ್ಲು ಬಾರಸೆಗೆ ಹೊಲಿಸಿದ್ದು. ರವಿಕೆ ಹರಿದು ಎಷ್ಟು ಕಾಲ ಆತು, ಇದು ಇನ್ನೂ ಇದ್ದಲೇ.”

ಒಬ್ಬೊಬ್ಬರೇ ಎದ್ದು ಬಂದು ತಮ್ಮ ತಮ್ಮ ನೆರಿಗೆ ಹುಡುಕತೊಡಗಿದರು. ಧಾರೆಗೆ ಕಾದಿದ್ದ ಭಟ್ಟರು ಎರಡು ಸಲ ಕೆಮ್ಮಿದರು, ಯಾರೂ ಲಕ್ಷ್ಯ ಕೊಡಲಿಲ್ಲ. ಕೊನೆಗೆ ಉಳಿದವಳು ದಾಸನಕೊಪ್ಪದ ನೀಲಗಂಗವ್ವ, ಧಡೂತಿ ಹೆಂಗಸು.

“ನಂದೆಲ್ಲಿ ಐತ್ರಿ? ಇಷ್ಟು ವರ್ಷ ನಿಮ್ಮ ಕಡೆನ ಹೊಲಿಸೇನಲ್ರಿ.”

“ನೀವು ತರೋ ಬಟ್ಟೇಲಿ ಎಂತ ಉಳೀತದೆ ಅವ್ವಾ?” ಎಂದಳು ದೇವಕ್ಕ. ನೀಲಗಂಗವ್ವನೂ ಸೇರಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸೋಮವಾರ ಅಂಗಡಿ ತೆರೆಯುವಷ್ಟರಲ್ಲಿ ನೀಲಗಂಗವ್ವ ಬಾಗಿಲಲ್ಲೇ ನಿಂತಿದ್ದಳು. ರವಿಕೆ ಬಟ್ಟೆಯ ಮೇಲೆ ಒಂದು ಗೇಣು ಹೆಚ್ಚಿಗೆ ತಂದಿದ್ದಳು.

“ಈ ಸಲ ಉಳಿಸ್ಕೊರಿ” ಎಂದಳು.