ಖಾದರ್ ಸಾಹೇಬರ ಎರಡನೆಯ ಚೆಂಡು

ಕ್ಷೌರದ ಕುರ್ಚಿಯಲ್ಲಿ ಕುಳಿತ ಗಂಡಸಿನಷ್ಟು ವಿನಯಶಾಲಿಯಾದ ಪ್ರಾಣಿ ಈ ಸೃಷ್ಟಿಯಲ್ಲಿ ಇನ್ನೊಂದಿಲ್ಲ. ನಮ್ಮ ನಾರಾಯಣಪೇಟೆಯ ಬಜಾರಿನ ತಿರುವಿನಲ್ಲಿ ಅಂಗಡಿ ಇಟ್ಟುಕೊಂಡಿರುವ ಸಾಬಣ್ಣನ ಕತ್ತಿಗೆ ಹರಿತವೆಂಬ ಗುಣ ಯಾವ ಕಾಲದಲ್ಲಿಯೂ ಇದ್ದಂತಿಲ್ಲ. ಅದು ಗಡ್ಡವನ್ನು ಬೋಳಿಸುವುದಿಲ್ಲ, ಒಂದೊಂದೇ ಕೂದಲನ್ನು ವಿಚಾರಣೆಗೆ ಗುರಿಪಡಿಸಿ ಬುಡಸಮೇತ ಕಿತ್ತುಕೊಳ್ಳುತ್ತದೆ. ಆದರೂ ಅವನು ಒಂದು ಕೆನ್ನೆ ಮುಗಿಸಿ, ಎರಡು ಹೆಜ್ಜೆ ಹಿಂದೆ ಸರಿದು, "ಹೆಂಗೈತ್ರೀ ಮಾಸ್ತರ?" ಎಂದು ಕೇಳಿದರೆ, ಕಣ್ಣಂಚಿಗೆ ಬಂದ ನೀರನ್ನು ಹಾಗೆಯೇ ತಡೆದುಕೊಂಡು ನಾನು "ಭೇಷ್ ಐತಪಾ" ಎನ್ನುತ್ತೇನೆ. ನನ್ನ ನಂತರ ಕೂರುವವರೂ ಅದನ್ನೇ ಎನ್ನುತ್ತಾರೆ. ಊರಿನ ಗಂಡಸರೆಲ್ಲರ ಈ ಒಮ್ಮತದ ಶಿಫಾರಸಿನಿಂದಾಗಿ ಆ ಕತ್ತಿ ಸಾಣೆಕಲ್ಲಿನ ಮುಖ ಕಂಡು ಯುಗವಾಗಿದೆ.

ಕಳೆದ ಭಾನುವಾರ ಸರದಿಗಾಗಿ ಕಾಯುತ್ತ, ಹೈದರಾಬಾದಿನಿಂದ ಒಂದು ದಿನ ಹಳಸಿ ಬರುವ ಪತ್ರಿಕೆಯನ್ನು ತಿರುವುತ್ತಿದ್ದೆ. ಯಾವುದೋ ದೂರದೂರಿನ ಟೆನಿಸ್ ಪಂದ್ಯದ ವರದಿ. ಸೋತವನು ಗೆದ್ದವನ ಆಟದಿಂದ ಸೋಲಲಿಲ್ಲವಂತೆ. ಸರ್ವಿಸಿನ ಎರಡೆರಡು ಚೆಂಡುಗಳನ್ನೂ ಗೆರೆಯಾಚೆ ಎಸೆದು, ಅಡಿಗೆಮನೆಯ ಹೆಂಗಸರೂ ಹೊಡೆಯಬಹುದಾದ ಚೆಂಡುಗಳನ್ನು ನೆಟ್ಟಿಗೆ ಬಡಿದು, ಯಾರ ಬಲವಂತವೂ ಇಲ್ಲದೆ ತನ್ನ ಸೋಲನ್ನು ತಾನೇ ತಂದುಕೊಂಡನಂತೆ. ಬರೆದ ಮಹಾಶಯನ ಧಾಟಿಯಲ್ಲಿ ನ್ಯಾಯಾಧೀಶರ ಗತ್ತಿತ್ತು. "ಯಾರ ಬಲವಂತವೂ ಇಲ್ಲದೆ" ಎಂಬ ಮಾತನ್ನು ಓದಿ ನನಗೆ ಮೈ ಉರಿಯಿತು. ಈ ಸಲದ ಉರಿಗೆ ಸಾಬಣ್ಣನ ಕತ್ತಿ ಕಾರಣವಲ್ಲ. ನನಗೆ ಖಾದರ್ ಸಾಹೇಬರ ನೆನಪಾಗಿತ್ತು.

ಪೊಲೀಸ್ ಆಕ್ಷನ್ನಿಗೆ ಮೊದಲಿನ, ನಿಜಾಮರ ಕಾಲದ ಮಾತು. ಖಾದರ್ ಸಾಹೇಬರು ನಮ್ಮ ತಹಶೀಲ್ದಾರರು. ಎತ್ತರದ ಆಳು, ಬೆಳ್ಳಗಿನ ಮೀಸೆ, ರಾಯಚೂರಿನಲ್ಲಿ ಬೆಳೆದವರಾದ್ದರಿಂದ ನಮ್ಮ ಹಾಗೆಯೇ ಕನ್ನಡ. ಕಚೇರಿಯಲ್ಲಿ ಉರ್ದುವಿನಲ್ಲಿ ಗದರಿಸಿದವನನ್ನು ಹೊರಗೆ ಕಂಡರೆ ಕನ್ನಡದಲ್ಲಿ ಸಮಾಧಾನಪಡಿಸುತ್ತಿದ್ದರು. ಅಂಥ ಕೆಟ್ಟವರೇನಲ್ಲ. ಅಧಿಕಾರಿಗಳ ಕ್ಲಬ್ಬಿನ ಹಿಂದೆ ಕೆಂಪು ಗರಸು ಮಣ್ಣು ಬಡಿದು, ಸುಣ್ಣದ ಗೆರೆ ಎಳೆದ ಟೆನಿಸ್ ಅಂಗಳವೊಂದನ್ನು ಅವರೇ ಮಾಡಿಸಿದ್ದರು. ಆಡುವವರು ಮೂವರು: ತಹಶೀಲ್ದಾರರು, ಮುನ್ಸೀಫರು, ಮಕ್ತಲದಿಂದ ಬಂದು ನಮ್ಮಲ್ಲಿ ನೆಲೆಸಿದ್ದ ವಕೀಲ ಶಿವಲಿಂಗಪ್ಪನವರು. ನಾಲ್ಕನೆಯವನೊಬ್ಬ ಬೇಕಾಯಿತು. ಊರಿನಲ್ಲಿ ಕ್ಯಾನ್ವಾಸ್ ಬೂಟು ಇದ್ದ ಏಕೈಕ ಶಾಲಾಮಾಸ್ತರ ನಾನಾಗಿದ್ದೆನಾದ್ದರಿಂದ, ಕಾಲಿನ ಯೋಗ್ಯತೆಯ ಮೇಲೆ ನನ್ನನ್ನು ಆರಿಸಿಕೊಂಡರು. ಕೈಯ ಯೋಗ್ಯತೆಯನ್ನು ಯಾರೂ ವಿಚಾರಿಸಲಿಲ್ಲ, ವಿಚಾರಿಸಿದ್ದರೆ ಇಂದು ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಟೆನಿಸಿನ ಗಂಧವಿಲ್ಲದ ಓದುಗರಿಗೆ ಒಂದು ಮಾತು. ಆಟ ಶುರುವಾಗುವುದು ಸರ್ವಿಸಿನಿಂದ. ಸರ್ವಿಸ್ ಮಾಡುವವನು ಚೆಂಡನ್ನು ನೆಟ್ಟಿನಾಚೆಯ ಒಂದು ಚೌಕದೊಳಗೆ ಬೀಳಿಸಬೇಕು. ಮೊದಲನೆಯದು ಹೊರಗೆ ಬಿದ್ದರೆ ದಯೆ ತೋರಿ ಎರಡನೆಯ ಚೆಂಡು ಕೊಡುತ್ತಾರೆ. ಅದೂ ಹೊರಗೆ ಬಿದ್ದರೆ ಪಾಯಿಂಟು ಎದುರಿನವರಿಗೆ. ಇನ್ನೊಂದು ವಿನಾಯಿತಿ ಉಂಟು: ಚೆಂಡು ನೆಟ್ಟಿನ ಅಂಚನ್ನು ಸವರಿಕೊಂಡು ಹೋಗಿ ಚೌಕದೊಳಗೇ ಬಿದ್ದರೆ, ಏನೂ ನಡೆದೇ ಇಲ್ಲವೆಂದು ಭಾವಿಸಿ ಮತ್ತೆ ಹೊಡೆಯಬಹುದು. ಈ ಪುಟ್ಟ ವಿನಾಯಿತಿಯ ಮೇಲೆ ನಮ್ಮ ಶಿವಲಿಂಗಪ್ಪನವರು ಒಂದು ಸಾಮ್ರಾಜ್ಯವನ್ನೇ ಕಟ್ಟಿದರು.

ಖಾದರ್ ಸಾಹೇಬರ ಸರ್ವಿಸ್ ನೋಡುವುದಕ್ಕೆ ಭವ್ಯವಾಗಿತ್ತು. ಚೆಂಡು ಆಕಾಶಕ್ಕೆ ಏರುತ್ತಿತ್ತು, ರಾಕೆಟ್ಟು ಬೆನ್ನ ಹಿಂದೆ ಕತ್ತಿಯಂತೆ ಸುತ್ತುತ್ತಿತ್ತು, ಬಾಯಿಂದ ಒಂದು ಹೂಂಕಾರ ಹೊರಡುತ್ತಿತ್ತು, ಆಮೇಲೆ ಚೆಂಡು ಚೌಕದಿಂದ ಒಂದು ಮಾರು ಆಚೆ ಬಿದ್ದು, ಉರುಳಿ ಹೋಗಿ ಅಂಗಳದಂಚಿನ ಬೇವಿನ ಮರದ ಬುಡದಲ್ಲಿ ವಿಶ್ರಮಿಸುತ್ತಿತ್ತು. ಕೂಡಲೇ ಶಿವಲಿಂಗಪ್ಪನವರು, ಅವರು ಸಾಹೇಬರ ಜೊತೆಗೆ ಆಡುತ್ತಿರಲಿ, ಎದುರಿಗೆ ಆಡುತ್ತಿರಲಿ, ಕೈ ಎತ್ತಿ, "ನೆಟ್ ತಗಲೇತಿ ಸರ್ಕಾರ್, ಮತ್ತೊಮ್ಮೆ ಆಗ್ಲಿ" ಎನ್ನುತ್ತಿದ್ದರು. ಚೆಂಡಿಗೂ ನೆಟ್ಟಿಗೂ ನಡುವೆ ಎತ್ತಿನ ಬಂಡಿ ನುಗ್ಗುವಷ್ಟು ಜಾಗವಿದ್ದರೂ ತಗಲಿದ ಸದ್ದು ಅವರ ಕಿವಿಗೆ ಕೇಳುತ್ತಿತ್ತು; ಚೆಂಡು ಚೌಕದೊಳಗೆ ಬಿತ್ತೇ ಎಂಬ ಮಾತನ್ನಂತೂ ಯಾರೂ ಎತ್ತುತ್ತಿರಲಿಲ್ಲ. ವಕೀಲರ ಮೊಕದ್ದಮೆಗಳು ಸಾಹೇಬರ ಕಚೇರಿಯಲ್ಲಿದ್ದವು. ಕಿವಿ ಅಷ್ಟು ಚುರುಕಾಗುವುದಕ್ಕೆ ಅದು ಸಾಲದೆ? ಸಾಹೇಬರು ಮತ್ತೆ ಹೊಡೆಯುವರು, ಮತ್ತೆ ನೆಟ್ ತಗಲುವುದು. ಕೊನೆಗೊಮ್ಮೆ ಚೆಂಡು ತನಗೇ ಬೇಸರವಾಗಿ ಚೌಕದೊಳಗೆ ಬಿದ್ದಾಗ ಮುನ್ಸೀಫರು "ವಾಹ್!" ಎನ್ನುವರು, ನಾನು ಅದನ್ನು ತಡವಾಗಿ ಮುಟ್ಟಿ ನೆಟ್ಟಿಗೆ ಒಪ್ಪಿಸುವೆನು. ಆ ಭಜನೆಯಲ್ಲಿ ತಾಳ ನನ್ನದೂ ಇತ್ತು. ಇಲ್ಲವೆಂದು ಹೇಳಿ ನಾನೇನು ಸತ್ಯಹರಿಶ್ಚಂದ್ರನಾಗಬೇಕಿಲ್ಲ. ಹೀಗೆ ವರ್ಷಗಟ್ಟಲೆ ಆಡಿಯೂ ಒಂದೇ ಒಂದು ಸರ್ವಿಸನ್ನು ಕಳೆದುಕೊಳ್ಳದ ಮಹಾನುಭಾವರಾಗಿ ಸಾಹೇಬರು ಬಾಳಿದರು. ಅವರು ಇದನ್ನು ಮನಸಾರೆ ನಂಬಿದ್ದರೆಂಬುದೇ ಇಲ್ಲಿಯ ವಿಷಾದ.

ಅಷ್ಟರಲ್ಲಿ ಪೊಲೀಸ್ ಆಕ್ಷನ್ ಆಯಿತು. ನಿಜಾಮರ ರಾಜ್ಯ ಮುಗಿಯಿತು, ಕಚೇರಿಯ ಮೇಲಿನ ಬಾವುಟ ಬದಲಾಯಿತು. ಅದಕ್ಕಿಂತ ವೇಗವಾಗಿ ಶಿವಲಿಂಗಪ್ಪನವರ ತಲೆಯ ಮೇಲಿನ ಟೋಪಿ ಬದಲಾಯಿತು. ಹಿಂದಿನ ಸಂಜೆಯವರೆಗೆ ಕುಚ್ಚಿನ ಕೆಂಪು ಟೋಪಿ ಹಾಕಿಕೊಂಡು ಸಲಾಮು ಹೊಡೆಯುತ್ತಿದ್ದವರು ಮರುದಿನ ಬೆಳಿಗ್ಗೆ ಬಿಳಿಯ ಖಾದಿ ಟೋಪಿಯಲ್ಲಿ ಕೈಮುಗಿಯುತ್ತ ನಿಂತಿದ್ದರು. ಆ ಟೋಪಿಯನ್ನು ಅಷ್ಟು ದಿನ ಯಾವ ಪೆಟ್ಟಿಗೆಯ ತಳದಲ್ಲಿ ಇಸ್ತ್ರಿ ಮಾಡಿಟ್ಟಿದ್ದರೋ ಶಿವನೇ ಬಲ್ಲ! ಸ್ವಲ್ಪ ದಿನಕ್ಕೆ ಮದರಾಸಿನ ಕಡೆಯಿಂದ ಹೊಸ ಸಾಹೇಬರೊಬ್ಬರು ಬಂದರು. ಹಳೆಯ ನೌಕರರಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬರ್ಖಾಸ್ತು ಮಾಡಬೇಕು ಎಂದು ಮೇಲಕ್ಕೆ ಬರೆಯುವ ಅಧಿಕಾರ ಅವರದು. ಖಾದರ್ ಸಾಹೇಬರಿಗೆ ಪಿಂಚಣಿಗೆ ಇನ್ನು ಸ್ವಲ್ಪವೇ ವರ್ಷಗಳಿದ್ದವು. ಅವರು ನಡೆಯುವ ರೀತಿಯೇ ಬದಲಾಯಿತು. ಬಾಗಿಲು ದಾಟುವಾಗ ಬಾಗದಿದ್ದ ಮನುಷ್ಯ ಬಯಲಿನಲ್ಲಿಯೂ ಬಾಗತೊಡಗಿದರು.

ಹೊಸ ಸಾಹೇಬರಿಗೆ ಟೆನಿಸಿನ ಹುಚ್ಚು. ಅಂಗಳ ಕಂಡದ್ದೇ ತಡ, ಗದ್ವಾಲಿನ ಕ್ಲಬ್ಬಿಗೆ ಪಂದ್ಯದ ಆಹ್ವಾನ ಹೋಯಿತು. ತಮ್ಮ ಜೋಡಿಯಾಗಿ ಆಡಲು ಖಾದರ್ ಸಾಹೇಬರನ್ನೇ ಅವರು ಆರಿಸಿದರು. ಸರ್ವಿಸ್ ತಪ್ಪದ ಆಟಗಾರರೆಂದು ಅವರಿಗೆ ಹೇಳಿದವರು ಯಾರೆಂದು ನೀವು ಊಹಿಸಬಲ್ಲಿರಿ. ಊರೆಲ್ಲ ಒಂದೇ ಮಾತು: ಪಂದ್ಯ ಗೆದ್ದರೆ ಖಾದರ್ ಸಾಹೇಬರ ನೌಕರಿ ಉಳಿಯಿತು. ಆ ಮಾತನ್ನು ಎಲ್ಲರಿಗಿಂತ ಹೆಚ್ಚಾಗಿ ನಂಬಿದವರು ಖಾದರ್ ಸಾಹೇಬರೇ. ಹಿಂದಿನ ದಿನ ನನ್ನನ್ನು ನಿಲ್ಲಿಸಿ, "ಮಾಸ್ತರ, ನಂದು ಉಳಿದದ್ದೆಲ್ಲಾ ಹೆಂಗರ ಇರ್ಲಿ, ಸರ್ವಿಸ್ ಒಂದು ಐತಲ್ರೀ ಕೈ ಹಿಡಿಯಾಕ" ಎಂದರು. ನಾನು ಬೂಟಿನ ಲಾಡಿ ನೋಡಿಕೊಂಡೆ.

ಗದ್ವಾಲಿನವರು ರಾಕೆಟ್ಟುಗಳನ್ನು ಪಂಚೆಯಲ್ಲಿ ಸುತ್ತಿಕೊಂಡು, ಹರಿಗೋಲಿನಲ್ಲಿ ಕೃಷ್ಣೆಯನ್ನು ದಾಟಿ ಬಂದರು. ಒಬ್ಬರು ಡಾಕ್ಟರು, ಅವರ ಹೊಟ್ಟೆ ಅವರಿಗಿಂತ ಮೊದಲು ನೆಟ್ಟಿನ ಬಳಿ ಬರುತ್ತಿತ್ತು. ಇನ್ನೊಬ್ಬ ಗದ್ವಾಲಿನ ಸಂಸ್ಥಾನಿಕರ ಕಡೆಯ ತರುಣ. ತಲೆಯ ಬೈತಲೆ ಕೆಡದಂತೆ ಆಡುವ ವ್ರತ ಹಿಡಿದವನು. ಇಂಥ ಇಬ್ಬರನ್ನು ನಾನೂ ಶಿವಲಿಂಗಪ್ಪನವರೂ ಕೂಡಿ ಸೋಲಿಸಬಹುದಿತ್ತು. ಶಿವಲಿಂಗಪ್ಪನವರು ಖಾದಿ ಟೋಪಿಯೊಡನೆ ಮೇಜಿನ ಮೇಲೆ ಕುರ್ಚಿ ಇಡಿಸಿಕೊಂಡು ಅಂಪೈರಾಗಿ ಏರಿ ಕುಳಿತರು.

ಖಾದರ್ ಸಾಹೇಬರ ಮೊದಲ ಸರ್ವಿಸ್. ಚೆಂಡು ಏರಿತು, ಹೂಂಕಾರ ಹೊರಟಿತು, ಬೇವಿನ ಬುಡಕ್ಕೆ ಚೆಂಡು ಎಂದಿನಂತೆ ತಲುಪಿತು. ಅಭ್ಯಾಸಬಲದಿಂದ ಶಿವಲಿಂಗಪ್ಪನವರ ಕೈ ಅರ್ಧಕ್ಕೆ ಎದ್ದಿತು, ಬಾಯಿ ತೆರೆಯಿತು. ಆಗ ಹೊಸ ಸಾಹೇಬರು ತಲೆ ಎತ್ತಿ ಅವರನ್ನು ನೋಡಿದರು. ಎದ್ದ ಕೈ ಕೆಳಗಿಳಿಯಿತು. "ಫಾಲ್ಟ್!" ಎಂದು ಶಿವಲಿಂಗಪ್ಪನವರು ಕೂಗಿದ ಕೂಗಿನಲ್ಲಿ, ಹೈದರಾಬಾದನ್ನು ಬಿಡುಗಡೆ ಮಾಡಿದವರು ತಾವೇ ಎನ್ನುವಷ್ಟು ದೇಶಪ್ರೇಮವಿತ್ತು.

ಖಾದರ್ ಸಾಹೇಬರು ನಕ್ಕರು. ವಕೀಲರು ತಮಾಷೆ ಮಾಡುತ್ತಿದ್ದಾರೆಂದು ತಿಳಿದರು. ಎರಡನೆಯ ಚೆಂಡು ಹೊಡೆದರು. ಅದೂ ಮೊದಲನೆಯದರ ಪಕ್ಕಕ್ಕೆ ಹೋಗಿ ಕುಳಿತಿತು. "ಡಬಲ್ ಫಾಲ್ಟ್!" ಆಮೇಲಿನದನ್ನು ವಿವರಿಸುವುದಕ್ಕೆ ನನಗೆ ಮನಸ್ಸಿಲ್ಲ. ಹೊಸ ಸಾಹೇಬರು ತಮ್ಮ ಸರ್ವಿಸಿನಲ್ಲಿ ಗಳಿಸಿದ್ದನ್ನು ಖಾದರ್ ಸಾಹೇಬರು ತಮ್ಮ ಸರ್ವಿಸಿನಲ್ಲಿ ಧಾರೆ ಎರೆದರು. ಗದ್ವಾಲಿನ ಡಾಕ್ಟರು ರಾಕೆಟ್ಟನ್ನು ಬೀಸಣಿಗೆಯಂತೆ ಬಳಸುತ್ತ ನಿಂತಿದ್ದರು. ತರುಣನ ಬೈತಲೆ ಕೊನೆಯವರೆಗೂ ಸುರಕ್ಷಿತವಾಗಿತ್ತು. ಒಂದೊಂದು ಸೆಟ್ಟಿನ ಸಮಬಲದಲ್ಲಿ, ಮೂರನೆಯ ಸೆಟ್ಟಿನ ಕೊನೆಯ ಹೊತ್ತಿಗೆ ಸರ್ವಿಸ್ ಮತ್ತೆ ಖಾದರ್ ಸಾಹೇಬರ ಪಾಲಿಗೆ ಬಂತು. ಅಲ್ಲಿಯೂ ಅದೇ ಕಥೆ. ಕೊನೆಯ ಚೆಂಡು ಹೊಡೆಯುವ ಮುನ್ನ ಅವರು ರಾಕೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಅಂಪೈರರ ಮೇಜಿನ ಬಳಿಗೆ ಬಂದರು.

"ವಕೀಲಸಾಬ್, ಖರೇ ಹೇಳ್ರಿ. ಇದು ಮೊದಲಿಂದಾನೂ ಹಿಂಗ ಹೊರಗ ಬೀಳತಿತ್ತೇನ್ರೀ?"

ಕೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ. ಶಿವಲಿಂಗಪ್ಪನವರು ಆಕಾಶ ನೋಡಿದರು, ಸುಣ್ಣದ ಗೆರೆ ನೋಡಿದರು, ಕಡೆಗೆ, "ಇವತ್ತ ಗಾಳಿ ಭಾಳ ಐತ್ರಿ" ಎಂದರು. ಬೇವಿನ ಮರದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಸಾಹೇಬರು ಮೇಜಿನ ಪಕ್ಕದಲ್ಲಿ ನಿಂತಿದ್ದ ನನ್ನ ಕಡೆಗೂ ನೋಡಿದರು. ನಾನೂ ಮರವನ್ನೇ ನೋಡುತ್ತಿದ್ದೆ. ಅವರು ಹಿಂದಿರುಗಿ ಹೋಗಿ ಉಳಿದ ಒಂದು ಚೆಂಡನ್ನೂ ನೆಟ್ಟಿಗೆ ಹೊಡೆದು ಪಂದ್ಯ ಮುಗಿಸಿದರು. ಗದ್ವಾಲಿನವರಿಗೆ ಹಾರ ಬಿತ್ತು. ಬೆವರೊಡೆಯದ ಅಂಗಿಯ ಮೇಲೆ ಹಾರ ಹಾಕಿಸಿಕೊಂಡು ಆ ಡಾಕ್ಟರು ತಮ್ಮ ವಿಜಯದ ರಹಸ್ಯವನ್ನು ಕುರಿತು ಭಾಷಣ ಮಾಡಿದರೆಂದರೆ ನಂಬುತ್ತೀರಾ? ಮಾಡಿದರು ಸ್ವಾಮಿ, ಚಹಾ ಆರಿ ತಣ್ಣಗಾಗುವವರೆಗೆ ಮಾಡಿದರು. ಅಂದಿನಿಂದ "ಗೆದ್ದೆ" ಎನ್ನುವವನನ್ನು ಕಂಡರೆ ನನಗೆ ನಗು ಬರುತ್ತದೆ. ಎದುರಿನವನು ಮುಗ್ಗರಿಸುವಾಗ ಇವನು ಅಲ್ಲಿ ನಿಂತಿದ್ದ, ಅಷ್ಟೇ ಇವನ ಪರಾಕ್ರಮ.

ತಿಂಗಳು ತುಂಬುವ ಮೊದಲೇ ಬರ್ಖಾಸ್ತಿನ ಹುಕುಂ ಬಂತು. ಪಂದ್ಯಕ್ಕೂ ಅದಕ್ಕೂ ಸಂಬಂಧವಿತ್ತೋ, ಅದು ಮೊದಲೇ ಬರೆದಾಗಿತ್ತೋ ಯಾರಿಗೆ ಗೊತ್ತು? ಸಾಹೇಬರಿಗೆ ಮನೆ ಖಾಲಿ ಮಾಡಲು ಸ್ವಲ್ಪ ದಿನ ಬೇಕಾಯಿತು. ಆ ದಿನಗಳಲ್ಲಿ ನಾನು ಬೆಳಿಗ್ಗೆ ಶಾಲೆಗೆ ಹೋಗುವಾಗ ಕ್ಲಬ್ಬಿನ ಹಿಂದಿನಿಂದ "ಔಟ್! ಔಟ್!" ಎಂಬ ಕೂಗು ಕೇಳುತ್ತಿತ್ತು. ಇಣುಕಿ ನೋಡಿದರೆ ಖಾದರ್ ಸಾಹೇಬರೊಬ್ಬರೇ. ತಾವೇ ಸರ್ವಿಸ್ ಮಾಡುವುದು, ತಾವೇ ಆಚೆ ಹೋಗಿ ಗುರುತು ನೋಡುವುದು, ತಾವೇ ಕೂಗುವುದು. ಹೂಂಕಾರ ನಿಂತಿತ್ತು. ರಾಕೆಟ್ಟಿನ ಸುತ್ತಾಟ ಕಡಿಮೆಯಾಗಿತ್ತು. ದಿನ ಕಳೆದಂತೆ ಕೂಗೂ ಕಡಿಮೆಯಾಯಿತು.

ಹೊರಡುವ ಹಿಂದಿನ ಸಂಜೆ ನನ್ನನ್ನು ಕರೆಸಿ, "ಒಂದ್ ಗೇಮ್ ಆಡೂಣ ಬರ್ರಿ ಮಾಸ್ತರ" ಎಂದರು. ನಾನು ಎದುರಿಗೆ ನಿಂತೆ. ಅವರು ಚೆಂಡನ್ನು ಹಗುರವಾಗಿ ಎಸೆದು, ಸದ್ದಿಲ್ಲದೆ ಹೊಡೆದರು. ಅಂಥ ಸರ್ವಿಸನ್ನು ನಾನು ನಮ್ಮ ಅಂಗಳದಲ್ಲಿ ಅದುವರೆಗೆ ಕಂಡಿರಲಿಲ್ಲ. ನನ್ನ ರಾಕೆಟ್ಟು ಏಳುವ ಮೊದಲೇ ಚೆಂಡು ಗೆರೆಯ ಮೇಲೆ ಬಿದ್ದು ಹಾರಿಹೋಯಿತು. ಸುಣ್ಣದ ಪುಡಿ ಬೆಳ್ಳಗೆ ಎದ್ದದ್ದನ್ನು ಕಣ್ಣಾರೆ ಕಂಡೆ. ನನಗೆ ಕುಣಿಯುವಷ್ಟು ಸಂತೋಷವಾಯಿತು.

"ಒಳಗ ಬಿತ್ರೀ ಸಾಹೇಬ್ರ! ಗೆರೀ ಮ್ಯಾಲ ಬಿತ್ತು!" ಎಂದು ಕೂಗಿದೆ.

ಸಾಹೇಬರು ನನ್ನನ್ನು ನೋಡಿ ನಕ್ಕರು. "ಸಾಕು ಬಿಡ್ರಿ ಮಾಸ್ತರ. ನಿಮ್ಮ ಮಾತು ಇನ್ನ ನಂಬಾಕ ಆಗಂಗಿಲ್ಲ" ಎಂದರು. ಹತ್ತು ಹೆಜ್ಜೆ ಬಂದು ನೋಡಿದ್ದರೆ ಗುರುತು ಅಲ್ಲಿಯೇ ಇತ್ತು. ಬರಲಿಲ್ಲ. ಜೇಬಿನಿಂದ ಎರಡನೆಯ ಚೆಂಡನ್ನು ತೆಗೆದು ಹೊಡೆದರು. ಅದು ನೆಟ್ಟಿಗೆ ಬಡಿದು ಅವರ ಕಡೆಗೇ ಉರುಳಿತು. "ಡಬಲ್ ಫಾಲ್ಟ್" ಎಂದು ತಾವೇ ಹೇಳಿ, ನನಗೆ ಪಾಯಿಂಟು ಕೊಟ್ಟರು.

ಪತ್ರಿಕೆಯ ಆ ಮಹಾಶಯ ಅಲ್ಲಿದ್ದರೆ ಇದನ್ನೂ ಯಾರ ಬಲವಂತವೂ ಇಲ್ಲದ ತಪ್ಪೆಂದು ಬರೆಯುತ್ತಿದ್ದ. ಅಂಗಳದಲ್ಲಿ ನಿಂತವನನ್ನು ಮಾತ್ರ ನೋಡುವವರಿಗೆ ಹಾಗೆಯೇ ಕಾಣುತ್ತದೆ. ಆ ಚೆಂಡನ್ನು ನೆಟ್ಟಿಗೆ ನೂಕಿದವರು ನಾವು, ವರ್ಷಗಟ್ಟಲೆ ಮೆಚ್ಚಿ ಮೆಚ್ಚಿ ನೂಕಿದವರು. ಅಂದಹಾಗೆ, ಹೊಸ ಸಾಹೇಬರ ಸರ್ವಿಸೂ ಈಗೀಗ ಆಗಾಗ ಬೇವಿನ ಬುಡ ಸೇರುತ್ತದೆ. ಶಿವಲಿಂಗಪ್ಪನವರ ಕಿವಿಗೆ ಹಳೆಯ ಚುರುಕು ಮರಳಿದೆ. ಮೊದಲು "ಸರ್ಕಾರ್" ಎನ್ನುತ್ತಿದ್ದರು, ಈಗ "ಸಾರ್" ಎನ್ನುತ್ತಾರೆ. ರಾಜ್ಯ ಬದಲಾದದ್ದಕ್ಕೆ ನಮ್ಮ ಕ್ಲಬ್ಬಿನಲ್ಲಿ ಸಿಗುವ ಪುರಾವೆ ಅಷ್ಟೇ.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ನನ್ನ ಸರದಿ ಬಂದು, ನಾನು ಸಾಬಣ್ಣನ ಕುರ್ಚಿಯಲ್ಲಿದ್ದೆ. ಒಂದು ಕೆನ್ನೆ ಮುಗಿದಿತ್ತು. ಅವನು ಎರಡು ಹೆಜ್ಜೆ ಹಿಂದೆ ಸರಿದು, "ಹೆಂಗೈತ್ರೀ ಮಾಸ್ತರ?" ಎಂದ. ಈ ಸಲ ನಾನು ಗಟ್ಟಿ ಮನಸ್ಸು ಮಾಡಿ, "ಉರಿಯಾಕತ್ತೈತಿ ಸಾಬಣ್ಣ. ನಿನ್ನ ಕತ್ತಿ ಮೊಂಡ ಐತಿ. ಮೊದಲಿಂದಾನೂ ಮೊಂಡ ಐತಿ" ಎಂದೆ.

ಸಾಬಣ್ಣ ಕತ್ತಿಯ ನೊರೆಯನ್ನು ಬಟ್ಟೆಗೆ ಒರೆಸಿದ. ಆಮೇಲೆ ಕಾಯುತ್ತ ಕುಳಿತವರ ಕಡೆಗೆ ತಿರುಗಿ, "ನಮ್ಮ ಮಾಸ್ತರು ಭಾಳ ಚಾಷ್ಟಿ ಮಂದಿ ನೋಡ್ರಿ!" ಎಂದು ಹೊಟ್ಟೆ ಹಿಡಿದು ನಕ್ಕ. ಅವರೂ ನಕ್ಕರು. ಅವನು ಅದೇ ಕತ್ತಿಯನ್ನು ಅಂಗೈಗೆ ಸವರಿಕೊಂಡು ನನ್ನ ಇನ್ನೊಂದು ಕೆನ್ನೆಗೆ ಬಂದ.